ನೆಲಮಾಳಿಗೆಯ ಒಂದು ಮೈಕು, ನೂರು ಸ್ಟೇಷನ್ನು

ಪೋರ್ಟೊ ಅಲೆಗ್ರೆ, ಬ್ರೆಜಿಲ್

ತೀರ್ಥರೂಪ ಸಮಾನರಾದ ಚಿಕ್ಕಪ್ಪನವರಿಗೆ ನಮಸ್ಕಾರಗಳು.

ನಾವೆಲ್ಲ ಕ್ಷೇಮ. 1961ರಲ್ಲಿ ಇಲ್ಲಿನ ನೂರಕ್ಕೂ ಹೆಚ್ಚು ರೇಡಿಯೊ ಸ್ಟೇಷನ್ನುಗಳು ಒಂದೇ ಪ್ರಸಾರಕ್ಕಾಗಿ ಒಂದಾದ ವಿಷಯ ಬರೆದಿದ್ದಕ್ಕೆ, "ಅಷ್ಟು ಟ್ರಂಕ್ ಲೈನು ಎಲ್ಲಿಂದ ತಂದರು?" ಎಂದು ಕೇಳಿದ್ದೀರಿ. ಹೆಚ್ಚಿನ ಕಡೆ ಊರಿಂದೂರಿಗೆ ಎಳೆದ ಆ ಫೋನ್ ಲೈನೇ ಬೇಕಾಗಲಿಲ್ಲ. ಗಾಳಿಯಲ್ಲಿ ಬಂದದ್ದನ್ನು ಹಿಡಿದು ಮತ್ತೆ ಗಾಳಿಗೇ ಬಿಟ್ಟರು.

ಆಗಸ್ಟ್ 25ರಂದು ಅಧ್ಯಕ್ಷ ಜಾನಿಯೊ ಕ್ವಾದ್ರೋಸ್ ರಾಜೀನಾಮೆ ಕೊಟ್ಟರು. ಉಪಾಧ್ಯಕ್ಷ ಜುವಾಂವ್ ಗುಲಾರ್ಟ್ ಆಗ ಚೀನಾ ಪ್ರವಾಸದಲ್ಲಿದ್ದರು. ಅವರು ಪಟ್ಟಕ್ಕೆ ಬರಕೂಡದು ಎಂದು ಮೂವರು ಸೇನಾ ಮಂತ್ರಿಗಳು ಅಡ್ಡ ನಿಂತರು. ರಿಯೊ ಗ್ರಾಂಡೆ ದೊ ಸುಲ್ ರಾಜ್ಯದ ಗವರ್ನರ್ ಲಿಯೊನೆಲ್ ಬ್ರಿಜೋಲಾ ಸಂವಿಧಾನದ ಪರ ನಿಂತರು. ಊರಿನ ದೊಡ್ಡ ಸ್ಟೇಷನ್ನುಗಳಲ್ಲಿ ಕೆಲವನ್ನು ಸೈನ್ಯ ಅಷ್ಟರಲ್ಲಿ ಮುಚ್ಚಿಸಿಯಾಗಿತ್ತು. ಸ್ಟೇಷನ್ನಿನ ಬಾಯಿ ಮುಚ್ಚಿಸಲು ಟವರ್ ಉರುಳಿಸಬೇಕಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಅಲೆ ಹುಟ್ಟಿಸುವ ಆಸಿಲೇಟರಿನ ಕ್ವಾರ್ಟ್ಜ್ ಕ್ರಿಸ್ಟಲ್ ಕಿತ್ತು ಜೇಬಿಗೆ ಹಾಕಿಕೊಂಡರೆ ಸಾಕು. ಪ್ರತಿ ಕ್ರಿಸ್ಟಲನ್ನೂ ಆಯಾ ಸ್ಟೇಷನ್ನಿನ ಫ್ರೀಕ್ವೆನ್ಸಿಗೇ ಕೊಯ್ದು ಉಜ್ಜಿರುತ್ತಾರೆ, ಅಂಗಡಿಗೆ ಹೋಗಿ ಬದಲಿ ತರುವಂತಿಲ್ಲ.

ಉಳಿದದ್ದು ರೇಡಿಯೊ ಗ್ವಾಯೀಬಾ, 1957ರಲ್ಲಿ ಶುರುವಾದ ಸ್ಟೇಷನ್ನು. ಆಗಸ್ಟ್ 27ರಂದು ಬ್ರಿಜೋಲಾ ಅದನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡು ಗವರ್ನರರ ಪಿರಾತಿನಿ ಅರಮನೆಯ ನೆಲಮಾಳಿಗೆಯಲ್ಲಿ ಮೈಕು ಇಡಿಸಿದರು. ಜೋಡಣೆ ಮಾಡಿಸಿದವರು ಸ್ಟೇಷನ್ನಿನ ಎಂಜಿನಿಯರ್ ಹೊಮೇರೊ ಸಿಮೋನ್. ಟ್ರಾನ್ಸ್‌ಮಿಟರ್ ಇದ್ದದ್ದು ನದಿಯ ನಡುವಿನ ಪಿಂಟಾದಾ ದ್ವೀಪದಲ್ಲಿ, ಅದಕ್ಕೆ ರಾಜ್ಯದ ಪೊಲೀಸ್ ಪಡೆಯೇ ಕಾವಲು. ಮೀಡಿಯಂ ವೇವಿಗೆ ಇಂಥ ಜೌಗು ನೆಲ ವರ. ಒದ್ದೆ ಮಣ್ಣು ಅರ್ಥಿಂಗಿಗೆ ಒಳ್ಳೆಯದು, ನೆಲ ಹಿಡಿದು ಹೋಗುವ ಅಲೆ ದೂರ ಸಾಗುತ್ತದೆ.

ಆದರೆ ಹಗಲಿನಲ್ಲಿ ಮೀಡಿಯಂ ವೇವ್ ಒಂದಿನ್ನೂರು ಕಿಲೋಮೀಟರಿಗೆ ಸುಸ್ತಾಗುತ್ತದೆ. ಸಾವಿರ ಕಿಲೋಮೀಟರ್ ಆಚೆಯ ರಿಯೊ ಡಿ ಜನೈರೊ ನಗರಕ್ಕೆ ಮುಟ್ಟಬೇಕಾದರೆ, ಮೇಲಿನ ವಾತಾವರಣಕ್ಕೆ ತಾಗಿ ದೂರ ಇಳಿಯುವ ಶಾರ್ಟ್ ವೇವೇ ಬೇಕು. ಗ್ವಾಯೀಬಾ ಹತ್ತಿರ ಅದೂ ಇತ್ತು, ಆಟ ಗೆದ್ದದ್ದೇ ಅದರಿಂದ ಎಂಬುದು ನನ್ನ ಲೆಕ್ಕ. ಒಳನಾಡಿನ ಸ್ಟೇಷನ್ನು ಒಂದು ಒಳ್ಳೆ ರಿಸೀವರಿನಲ್ಲಿ ಗ್ವಾಯೀಬಾ ಹಿಡಿದು, ಅದರ ಆಡಿಯೊವನ್ನು ತನ್ನ ಮಿಕ್ಸರಿಗೆ ಕೊಟ್ಟರೆ ಮುಗಿಯಿತು, ಸರಪಳಿಗೆ ಇನ್ನೊಂದು ಕೊಂಡಿ. ಹೆಸರೂ ಅದೇ: ಕಾದೇಯಾ ದ ಲೆಗಾಲಿದಾದೆ, ಕಾನೂನುಬದ್ಧತೆಯ ಸರಪಳಿ. ಗೋಯಾಸ್ ರಾಜ್ಯದ ಗವರ್ನರ್ ಮೌರೊ ಬೋರ್ಜೆಸ್ ಕೂಡ ಕೈ ಜೋಡಿಸಿದರು.

ಹೇಳುವಷ್ಟು ಸುಲಭವಲ್ಲ, ನೀವು ಈಗಲೇ ತಲೆ ಅಲ್ಲಾಡಿಸುತ್ತಿರಬಹುದು. ರಿಸೀವರನ್ನು ಸ್ವಂತ ಟ್ರಾನ್ಸ್‌ಮಿಟರಿನ ಪಕ್ಕ ಇಟ್ಟರೆ ಅದರ ಮುಂಭಾಗದ ವಾಲ್ವು ಓವರ್‌ಲೋಡ್ ಆಗಿ ಏನೂ ಕೇಳುವುದಿಲ್ಲ. ಒಂದೆರಡು ಕಿಲೋಮೀಟರ್ ದೂರ ಇಟ್ಟು ಲೋಕಲ್ ಲೈನಿನಲ್ಲಿ ತರಬೇಕು, ಇಲ್ಲವೇ ಏರಿಯಲ್ಲಿಗೆ ಸ್ವಂತ ಫ್ರೀಕ್ವೆನ್ಸಿಯನ್ನು ತಡೆಯುವ ವೇವ್ ಟ್ರ್ಯಾಪ್ ಕಟ್ಟಬೇಕು. ಫೇಡಿಂಗ್, ಅಂದರೆ ಅಲೆಯ ಏರಿಳಿತ, ಬಂದಾಗ ಸದ್ದು ಇಳಿಯುವುದಷ್ಟೇ ಅಲ್ಲ, ದನಿ ಹೊರುವ ಮೂಲ ಅಲೆ, ಕ್ಯಾರಿಯರ್, ಮಾತ್ರ ಕುಗ್ಗಿ ಮಾತು ಒಡೆದು ಗೊಗ್ಗರಾಗುತ್ತದೆ. ಆಗ ವಾಲ್ಯೂಮ್ ತಿರುವಿ ಪ್ರಯೋಜನವಿಲ್ಲ, ಬೇರೆ ಬ್ಯಾಂಡಿಗೆ ಹೋಗಬೇಕು. ಸಾಮಾನ್ಯವಾಗಿ ಹಗಲು 25 ಮೀಟರ್ ಬ್ಯಾಂಡ್, ಕತ್ತಲಾದ ಮೇಲೆ 49. ಇನ್ನೊಂದು ತಪ್ಪು, ಮೂಲ ಬಿಟ್ಟು ಪಕ್ಕದೂರಿನ ಮರುಪ್ರಸಾರವನ್ನೇ ಹಿಡಿಯುವುದು. ಕೊಂಡಿಗೊಂದು ಪದರ ಗದ್ದಲ ಸೇರುತ್ತದೆ, ನಡುವಿನದು ಬಿದ್ದರೆ ಹಿಂದಿನವರೆಲ್ಲ ಮೂಕ.

28ರಂದು ಬ್ರಿಜೋಲಾ ಆ ಮೈಕಿನಲ್ಲಿ ಅರಮನೆ ಬಿಟ್ಟು ಕದಲುವುದಿಲ್ಲ ಎಂದರು. ಅದೇ ದಿನ ದಕ್ಷಿಣ ಬ್ರೆಜಿಲ್ಲಿನ ಮೂರನೇ ಸೇನೆಯ ಜನರಲ್ ಮಶಾದೊ ಲೋಪೆಸ್ ಬ್ರಿಜೋಲಾ ಕಡೆ ಬಂದರು. ಕಾನೋವಾಸ್ ವಾಯುನೆಲೆಯ ವಿಮಾನಗಳು ಅರಮನೆಗೆ ಬಾಂಬ್ ಹಾಕಲು ಏಳದಂತೆ ಅಲ್ಲಿನ ಸಾರ್ಜೆಂಟರೇ ತಡೆದರು. ಸೆಪ್ಟೆಂಬರ್ 7ರಂದು ಗುಲಾರ್ಟ್ ಪ್ರಮಾಣವಚನ ತೆಗೆದುಕೊಂಡರು, ಆದರೆ ಸಂಸದೀಯ ಪದ್ಧತಿ ತಂದು ಅವರ ಅಧಿಕಾರ ಮೊಟಕು ಮಾಡಿದ್ದರು.

ಆ ವರ್ಷ ನಮ್ಮ ಉತ್ತರ ಕನ್ನಡ ಜಿಲ್ಲೆಯಿಂದಲೂ ಪೋರ್ಚುಗೀಸ್ ಮಾತು ಗಾಳಿಗೆ ಹೋಗುತ್ತಿತ್ತು ಅಂದರೆ ಇಲ್ಲಿ ಯಾರೂ ನಂಬುವುದಿಲ್ಲ. ಗೋವಾ ವಿಮೋಚನೆಯ ಗುಪ್ತ ರೇಡಿಯೊವನ್ನು ವಾಮನ ಸರ್ದೇಸಾಯಿ, ಲಿಬಿಯಾ ಲೋಬೊ ಕ್ಯಾಸಲ್‌ರಾಕ್ ಕಾಡಿನಿಂದ ಕೊಂಕಣಿ, ಪೋರ್ಚುಗೀಸ್ ಎರಡರಲ್ಲೂ ನಡೆಸುತ್ತಿದ್ದರಲ್ಲ. ಅಲ್ಲಿ ಸರಪಳಿ ಇರಲಿಲ್ಲ, ಇದ್ದದ್ದು ಒಂಟಿ ಸ್ಟೇಷನ್ನು.

ಈಗಿನ ಜಾಲಗಳು ಉಪಗ್ರಹದ ಮೇಲೆ. 36,000 ಕಿಲೋಮೀಟರ್ ಹತ್ತಿ ಇಳಿಯುವಷ್ಟರಲ್ಲಿ ಕಾಲು ಸೆಕೆಂಡ್ ಹೋಗುತ್ತದೆ, ವರದಿಗಾರ ಇಯರ್‌ಫೋನಿನಲ್ಲಿ ತನ್ನ ದನಿಯನ್ನೇ ಕೇಳಿ ತೊದಲುತ್ತಾನೆ. ಅವನ ದನಿಯೊಂದನ್ನು ಕಳೆದು ಉಳಿದದ್ದನ್ನು ವಾಪಸ್ ಕಳಿಸಿದರೆ ಸರಿ. ಬ್ಯಾಂಡ್ ಬದಲಿಸಲು ಅನುಮತಿ ಕೊಟ್ಟ 2013ರ ಸರ್ಕಾರಿ ಆದೇಶದ ನಂತರ ಇಲ್ಲಿನ ಎಎಂ (ಮೀಡಿಯಂ ವೇವ್) ಸ್ಟೇಷನ್ನುಗಳು ಎಫ್ಎಂ ಕಡೆ ಹೊರಟಿವೆ. ದನಿ ಶುದ್ಧ, ಗುಡ್ಡ ಅಡ್ಡ ಬಂದರೆ ಕಥೆ ಮುಗಿಯಿತು.

ಚಿಕ್ಕಮ್ಮನಿಗೆ ನಮಸ್ಕಾರ ತಿಳಿಸಿ. ಬೆನ್ನುನೋವು ಹೇಗಿದೆ ಎಂದು ಬರೆಯಿರಿ.

ಇಂತಿ ನಿಮ್ಮ ಮಗ