ಪಕ್ಕದ ಮನೆಯ ಅಜ್ಜನಿಗೆ, ಮತ್ತು ನಿಮಗೆಲ್ಲರಿಗೂ

ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಊರಿನ ಹಳೆಯ ಕಾಲದ ಫುಟ್‌ಬಾಲ್ ಆಟಗಾರ ಬಾಬ್ ಕ್ರಾಂಪ್ಟನ್ ಕುರಿತು ಕನ್ನಡದಲ್ಲಿ ಬರೆಯುತ್ತಿದ್ದ ಪುಸ್ತಕದ ಕರಡು ನಿನ್ನೆ ಮುಗಿಯಿತು. ಕಳೆದ ಚಳಿಗಾಲದಲ್ಲಿ ಹೃದಯದ ತೊಂದರೆಯಿಂದ ನಾನು ಆಸ್ಪತ್ರೆ ಸೇರಿದ್ದು ನಿಮಗೆಲ್ಲ ಗೊತ್ತೇ ಇದೆ. ಊಟ ತಂದುಕೊಟ್ಟ ಬ್ಲ್ಯಾಕ್‌ಬರ್ನ್‌ನ ಕನ್ನಡ ಗೆಳೆಯರಿಗೆ, ಮಗಳನ್ನು ಮನೆಯಲ್ಲಿಟ್ಟುಕೊಂಡವರಿಗೆ, ವಾರ್ಡಿನ ದಾದಿಯರಿಗೆ, ಹಳೆಯ ಪತ್ರಿಕೆಗಳನ್ನು ಹುಡುಕಿಕೊಟ್ಟ ಗ್ರಂಥಾಲಯದವರಿಗೆ, ಮೈಸೂರಿನಿಂದ ದಿನವೂ ಫೋನ್ ಮಾಡಿದ ಅಕ್ಕನಿಗೆ ಕೈಮುಗಿಯುತ್ತೇನೆ.

ಉಳಿದ ಮಾತೆಲ್ಲ ಪಕ್ಕದ ಮನೆಯ ಅಜ್ಜನಿಗೆ. ಮಗಳು ಕರೆಯುವುದೇ ಹಾಗೆ. ಆ ಆಂಗ್ಲ ಹಿರಿಯರೂ ಆ ಹೆಸರಿಗೆ ಸಂತೋಷದಿಂದ ಓಗೊಡುತ್ತಾರೆ. ನಾನು ಆಸ್ಪತ್ರೆ ಸೇರಿದ ಆ ರಾತ್ರಿ ಹೆಂಡತಿ ಊರಿನಲ್ಲಿದ್ದಳು, ವಿಮಾನ ಮರುದಿನಕ್ಕಿತ್ತು. ಅಜ್ಜ ದಾದಿಯರನ್ನು ಕೇಳಿಕೊಂಡು ನನ್ನ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಬೆಳಗಿನವರೆಗೂ ಕುಳಿತರು. ಧೈರ್ಯದ ಮಾತು ಒಂದನ್ನೂ ಆಡಲಿಲ್ಲ. ತಮ್ಮ ತಂದೆಯಿಂದ ಕೇಳಿದ ಕ್ರಾಂಪ್ಟನ್ ಕಥೆ ತೆಗೆದರು.

ಊರಿನದೇ ಹುಡುಗ, ಕೊಳಾಯಿ ಕೆಲಸ ಕಲಿತವನು. ಹಣ ಪಡೆದು ಫುಟ್‌ಬಾಲ್ ಆಡಿದರೆ ಹವ್ಯಾಸಿಗಳ ವಾಟರ್ ಪೋಲೊ (ನೀರಿನಲ್ಲಿ ಆಡುವ ಚೆಂಡಾಟ) ತಪ್ಪಿಹೋಗುತ್ತದೆಂದು ಮೊದಲು ಹಿಂಜರಿದವನು. 1896ರಲ್ಲಿ ಬ್ಲ್ಯಾಕ್‌ಬರ್ನ್ ರೋವರ್ಸ್ ಸೇರಿದ ಮೇಲೆ 1920ರವರೆಗೆ ಬೇರೆ ಕ್ಲಬ್ಬಿಗೆ ಆಡಲಿಲ್ಲ. ಅವನ ನಾಯಕತ್ವದಲ್ಲಿ 1912 ಮತ್ತು 1914ರಲ್ಲಿ ಲೀಗ್ ಪ್ರಶಸ್ತಿ ಬಂತು. ಇಂಗ್ಲೆಂಡ್ ಪರ ಆಡಿದ 41 ಪಂದ್ಯಗಳ ದಾಖಲೆ ದಾಟಲು 1952ರಲ್ಲಿ ಬಿಲ್ಲಿ ರೈಟ್ ಬರಬೇಕಾಯಿತು. ಆಗ ತಂಡದಲ್ಲಿ ಇಬ್ಬರೇ ಬ್ಯಾಕ್‌ಗಳು, ಅಂದರೆ ಗೋಲಿನ ಮುಂದೆ ನಿಂತು ಕಾಯುವವರು; ಬಲಬದಿಯವನು ಕ್ರಾಂಪ್ಟನ್. ಅಜ್ಜ ನನ್ನ ಮಾತ್ರೆಯ ಪುಟ್ಟ ಲೋಟವನ್ನೂ ತಮ್ಮ ಕನ್ನಡಕದ ಡಬ್ಬಿಯನ್ನೂ ಟ್ರೇ ಮೇಲೆ ಇಟ್ಟು, ಬಲಬದಿಯ ಲೋಟವನ್ನು ಬೆರಳಿನಿಂದ ಮೆಲ್ಲನೆ ಸರಿಸುತ್ತಾ, ಎದುರಾಳಿಯನ್ನು ಕ್ರಾಂಪ್ಟನ್ ಹೇಗೆ ಅಂಚಿಗೆ ಒತ್ತುತ್ತಿದ್ದನೆಂದು ತೋರಿಸಿದರು. ಕಿಟಕಿ ಬೆಳಗಾಗುವ ಹೊತ್ತಿಗೆ 1928ಕ್ಕೆ ಬಂದಿದ್ದೆವು: ಕ್ರಾಂಪ್ಟನ್ ಮ್ಯಾನೇಜರ್, ವೆಂಬ್ಲಿಯಲ್ಲಿ ಹಡರ್ಸ್‌ಫೀಲ್ಡ್ ವಿರುದ್ಧ 3–1, ಇಂಗ್ಲೆಂಡಿನ ಹೆಸರಾಂತ ಕಪ್ ಪಂದ್ಯಾವಳಿಯಾದ ಎಫ್‌ಎ ಕಪ್ ರೋವರ್ಸ್‌ಗೆ. ಅಲ್ಲಿಗೆ ನಿಲ್ಲಿಸಿ, ಉಳಿದದ್ದು ಮನೆಯಲ್ಲಿ ಎಂದರು.

ಉಳಿದದ್ದನ್ನು ನಾನು ಗ್ರಂಥಾಲಯದಲ್ಲಿ ಓದಿದೆ. 1931ರಲ್ಲಿ ಆಟಗಾರರ ಅಸಮಾಧಾನದಿಂದ ಕ್ರಾಂಪ್ಟನ್ ಹೊರಬೀಳಬೇಕಾಯಿತು. 1938ರಲ್ಲಿ ಅದೇ ಕ್ಲಬ್ಬು ಕರೆದಾಗ ಮರಳಿ ಬಂದು, ಮರುವರ್ಷ ಎರಡನೇ ಡಿವಿಷನ್ ಗೆಲ್ಲಿಸಿದರು. 1941ರ ಮಾರ್ಚ್‌ನಲ್ಲಿ ರೋವರ್ಸ್–ಬರ್ನ್‌ಲಿ ಪಂದ್ಯ ನೋಡಿದ ಬಳಿಕ ಹೃದಯಾಘಾತದಿಂದ ತೀರಿಕೊಂಡರು.

ಹೃದಯಾಘಾತ. ಆ ಸಾಲಿನ ಮೇಲೆ ಕಣ್ಣು ನಿಂತುಬಿಟ್ಟಿತು. ಅಜ್ಜನಿಗೆ ಇದು ಗೊತ್ತಿರಲಿಲ್ಲವೇ? ಚಿಕ್ಕಂದಿನಿಂದ ಗೊತ್ತು. ತಂತಿಗಳನ್ನು ಅಂಟಿಸಿಕೊಂಡು ಮಲಗಿದ್ದ ನನ್ನ ಮುಂದೆ, ಇಡೀ ರಾತ್ರಿ ಮಾತನಾಡಿಯೂ, ಅದೊಂದನ್ನು ನಾಲಿಗೆಗೆ ತಂದಿರಲಿಲ್ಲ. ಸಾಯುತ್ತೇನೆಂಬ ಭಯ ಆ ರಾತ್ರಿ ನನಗೆಷ್ಟಿತ್ತೆಂದು ನಾನು ಯಾರಿಗೂ ಹೇಳಿರಲಿಲ್ಲ. ಅವರಿಗೆ ತಿಳಿದಿತ್ತು. ಗ್ರಂಥಾಲಯದ ಮೇಜಿನ ಮೇಲೆ ತಲೆಯಿಟ್ಟು ಅತ್ತೆ.

ಪುಸ್ತಕ ಬರೆಯಲೇಬೇಕು ಎಂದು ನಿಶ್ಚಯಿಸಿದ್ದು ಆಗಲೇ. ಅಜ್ಜನಿಗೆ ಕನ್ನಡ ಬಾರದು, ಹಾಗಾಗಿ ಪ್ರತಿ ಅಧ್ಯಾಯವನ್ನೂ ಇಂಗ್ಲಿಷಿನಲ್ಲಿ ಹೇಳಿ ಒಪ್ಪಿಸಿದ್ದೇನೆ. ನಡುವೆ ಒಂದು ಋತು ಕ್ರಾಂಪ್ಟನ್ ಬೋರ್ನ್‌ಮತ್ ತಂಡದ ಮ್ಯಾನೇಜರ್ ಆಗಿದ್ದನ್ನು ಬಿಡಬಾರದು, ಒಂದೇ ಕ್ಲಬ್ಬಿನ ಕಥೆ ಚೆನ್ನಾಗಿ ಕಾಣಲೆಂದು ಬದುಕನ್ನು ಕತ್ತರಿಸಬಾರದು ಎಂದು ಪಟ್ಟುಹಿಡಿದರು. ಅವರೇ ಸರಿ, ಸೇರಿಸಿದ್ದೇನೆ. ಕೊನೆಯ ಅಧ್ಯಾಯವನ್ನು ಈ ಭಾನುವಾರ ಅವರ ಅಡುಗೆಮನೆಯಲ್ಲಿ ಹೇಳುತ್ತೇನೆ. ಪುಸ್ತಕ ಅವರಿಗೇ ಅರ್ಪಣೆ. ಹೆಸರು ಅಚ್ಚು ಮಾಡಬೇಡ ಎಂದಿದ್ದಾರೆ, ಆದ್ದರಿಂದ ಇಲ್ಲಿಯೂ ಬರೆದಿಲ್ಲ.