ಗೆಳೆಯನಿಗೊಂದು ಪತ್ರ: ಕಥೆ ಮುಗಿದ ಮೇಲಿನ ಪುಟಗಳು

ಲೋ ಮಾರಾಯ,

ಮೊನ್ನೆ ಫೋನಲ್ಲಿ ನೀನು ಕೇಳಿದ್ದು ತಲೆಯಿಂದ ಹೋಗ್ತಾನೇ ಇಲ್ಲ. "ಒಂದು ಕಾದಂಬರಿ ಓದಿ ಸರ್ಕಾರದ ಬಗ್ಗೆ ಯಾರಾದ್ರೂ ಮನಸ್ಸು ಬದಲಾಯಿಸ್ಕೊಂಡಿದ್ದು ನೋಡಿದೀಯೇನೋ?" ಅಂದೆ, ನಾನು ಬಾಯಿ ತೆಗೆಯೋಷ್ಟರಲ್ಲಿ ಯಾರೋ ಬಂದ್ರು ಅಂತ ಇಟ್ಬಿಟ್ಟೆ. ಉತ್ತರಾನ ನಿಂಗೊಬ್ಬನಿಗೇ ಕಳಿಸ್ಬಹುದಿತ್ತು, ಆದ್ರೆ ಎಲ್ಲರೂ ಓದೋ ಹಾಗೆ ಬರೀತಾ ಇದೀನಿ, ಯಾಕೆ ಅಂತ ಓದ್ತಾ ಹೋದ್ರೆ ಗೊತ್ತಾಗುತ್ತೆ.

ಉತ್ತರ ಹೌದು. ನೋಡಿದೀನಿ, ನನ್ನಲ್ಲೇ ನೋಡಿದೀನಿ. ಆದ್ರೆ ಆ ಬದಲಾವಣೆ ಪೂರ್ತಿ ಒಳ್ಳೇದೇ ಆಯ್ತಾ ಅನ್ನೋದು ಈಚೆಗೆ ನನ್ನ ಕೊರೀತಾ ಇದೆ.

ಇಂಗ್ಲಿಷ್ ಲೇಖಕ ಆರ್ವೆಲ್‌ನ ಕಾದಂಬರಿ 'ನೈನ್ಟೀನ್ ಎಯ್ಟಿ-ಫೋರ್' ನಾವಿಬ್ರೂ ಒಂದೇ ಪ್ರತೀಲಿ ಓದಿದ್ವಲ್ಲ, ಅದಕ್ಕೂ ಮುಂಚೆ ನಂಗೆ ಸರ್ಕಾರ ಅಂದ್ರೆ ಒಂದು ಕಟ್ಟಡ, ಒಂದು ಸೀಲು, ಒಂದು ಸಹಿ, ಅಷ್ಟೇ. ಓದಿದ್ಮೇಲೆ ಅದಕ್ಕೂ ಒಂದು ನೆನಪಿದೆ, ಬೇಡದ ನೆನಪನ್ನ ಅಳಿಸಿಹಾಕೋ ಕೈಯೂ ಇದೆ ಅಂತ ಗೊತ್ತಾಯ್ತು. ಅದರ ನಾಯಕ, ಸರ್ವಾಧಿಕಾರಿ ಸರ್ಕಾರದ ನೌಕರ ವಿನ್ಸ್ಟನ್ ಸ್ಮಿತ್‌ನ ಕೆಲಸಾನೇ ನೋಡು, ಹಳೇ ಪೇಪರ್‌ಗಳನ್ನ ತಿದ್ದೋದು, ನಿನ್ನೆ ಹೇಳಿದ್ದು ಇವತ್ತಿಗೆ ಹೊಂದದೇ ಇದ್ರೆ ನಿನ್ನೆಯನ್ನೇ ಬದಲಾಯಿಸೋದು. ಆಗ ಇದು ಲೇಖಕನ ಕಲ್ಪನೆ ಅಂದ್ಕೊಂಡಿದ್ವಿ. ಆಮೇಲೆ ಬೆರಿಯಾ ವಿಷಯ ಓದಿದೆ. ಸ್ಟಾಲಿನ್ ಕಾಲದಲ್ಲಿ ಗುಪ್ತ ಪೊಲೀಸ್ ಪಡೆಯ ಮುಖ್ಯಸ್ಥ ಆಗಿದ್ದವನು, 1953ರಲ್ಲಿ ಬಂಧನ ಆಯ್ತು. ಸೋವಿಯತ್ ಮಹಾ ವಿಶ್ವಕೋಶದಲ್ಲಿ ಅವನ ಬಗ್ಗೆ ದೊಡ್ಡ ಬರಹ ಇತ್ತು. ಚಂದಾದಾರರ ಮನೆಗೆ ಅಂಚೇಲಿ ಹೊಸ ಪುಟಗಳು ಬಂದ್ವು, ಹಳೇ ಪುಟ ಕತ್ತರಿಸಿ ತೆಗೀರಿ, ಈ ಪುಟ ಅಂಟಿಸ್ಕೊಳ್ಳಿ ಅಂತ. ಹೊಸ ಪುಟದಲ್ಲಿ ಬೆರಿಯಾ ಜಾಗಕ್ಕೆ ಬೇರಿಂಗ್ ಸಮುದ್ರದ ವಿವರ! ಆರ್ವೆಲ್ 1950ರ ಜನವರೀಲೇ ತೀರ್ಕೊಂಡಿದ್ದ, ಇದನ್ನ ನೋಡ್ಲೇ ಇಲ್ಲ.

ಕಾದಂಬರಿ ಓದದೇ ಇದ್ದಿದ್ರೆ ಇದನ್ನ ಒಂದು ವಿಚಿತ್ರ ಸುದ್ದಿ ಅಂತ ಓದಿ ಮುಂದೆ ಹೋಗ್ತಿದ್ದೆ. ಓದಿದ್ದರಿಂದ ನನ್ನ ಕಣ್ಣು ಹೋಗಿದ್ದು ಕತ್ತರಿ ಹಿಡಿದವನ ಮೇಲೆ. ಅವನು ಅಧಿಕಾರಿ ಅಲ್ಲ, ಪೊಲೀಸ್ ಅಲ್ಲ, ಮನೇಲಿ ದೀಪದ ಕೆಳಗೆ ಕೂತಿದ್ದ ಓದುಗ, ನಮ್ಮಂಥವನು. ಅವನಿಗೆ ಏನನ್ನಿಸಿರ್ಬೇಕು? ಕತ್ತರಿಸಿದ್ನೋ ಇಲ್ವೋ? ಇತಿಹಾಸದ ಪುಸ್ತಕ ಏನಾಯ್ತು ಅಂತ ಹೇಳಿ ನಿಲ್ಲುತ್ತೆ, ರಾಜಕೀಯ ಕಾದಂಬರಿ ನಿನ್ನನ್ನ ಆ ಕುರ್ಚೀಲಿ ಕೂರಿಸಿ ಕೈಗೆ ಕತ್ತರಿ ಕೊಡುತ್ತೆ. ಸಂವಿಧಾನದ ಬಗ್ಗೆ, ಹಕ್ಕುಗಳ ಬಗ್ಗೆ ಎಷ್ಟು ಪಾಠ ಓದಿದ್ರೂ ಆ ಕುರ್ಚೀಲಿ ಕೂತ ಅನುಭವ ಆಗಲ್ಲ ಕಣೋ.

ಆದ್ರೆ ಕೂತವನು ಏನು ಕಲೀತಾನೆ ಅನ್ನೋದು ಲೇಖಕನ ಕೈಲಿಲ್ಲ. ಅಮೆರಿಕದ ಲೇಖಕ ಅಪ್ಟನ್ ಸಿಂಕ್ಲೇರ್ 'ದಿ ಜಂಗಲ್' ಕಾದಂಬರಿ ಬರೆದಿದ್ದು ಶಿಕಾಗೋದ ಮಾಂಸದ ಕಾರ್ಖಾನೆಗಳಲ್ಲಿ ವಲಸೆ ಬಂದ ಕೂಲಿ ಜನ ಹೇಗೆ ಅರೆದು ಹೋಗ್ತಾರೆ ಅಂತ ತೋರ್ಸೋಕೆ, ಜನ ಸಮಾಜವಾದದ ಕಡೆ ತಿರುಗ್ಲಿ ಅಂತ. ಓದಿದ ಜನ ಬೆಚ್ಚಿಬಿದ್ದಿದ್ದು ಕೂಲಿಯವರ ಪಾಡಿಗಲ್ಲ, ತಮ್ಮ ತಟ್ಟೆಗೆ ಬರ್ತಿದ್ದ ಮಾಂಸದ ಗಲೀಜಿಗೆ. 1906ರಲ್ಲಿ ಪುಸ್ತಕ ಬಂತು, ಅದೇ ವರ್ಷ ಜೂನ್ ಕೊನೇಲಿ ಮಾಂಸದ ತಪಾಸಣೆ ಕಾನೂನು, ಆಹಾರ ಕಲಬೆರಕೆ ತಡೆಯೋ ಕಾನೂನು ಎರಡೂ ಬಂದ್ವು. ಜನರ ಎದೆಗೆ ಗುರಿಯಿಟ್ಟೆ, ಹೊಟ್ಟೆಗೆ ಬಿತ್ತು ಅಂತ ಅವನೇ ಆಮೇಲೆ ಹೇಳ್ಕೊಂಡ. ಒಂದು ಕಾದಂಬರಿ ಸರ್ಕಾರದ ಕೈಯನ್ನ ಇನ್ನೂ ಉದ್ದ ಮಾಡ್ತು, ಅದರಿಂದ ಜನಕ್ಕೆ ಒಳ್ಳೇದೇ ಆಯ್ತು. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ರಾಜಕೀಯ ಕಾದಂಬರಿ ಅಂದ ತಕ್ಷಣ ನಮ್ಮ ತಲೇಲಿ ಬರೋದು ಸರ್ಕಾರ ಅನ್ನೋ ರಾಕ್ಷಸ ಮಾತ್ರ, ಸ್ವಾತಂತ್ರ್ಯ ಅಂದ್ರೆ ಆ ರಾಕ್ಷಸನ ಕಣ್ಣಿಗೆ ಬೀಳದೇ ಇರೋದು ಮಾತ್ರ. ಕಲಬೆರಕೆ ಇಲ್ಲದ ಊಟ ಮಾಡೋದೂ ಒಂದು ಸ್ವಾತಂತ್ರ್ಯ ತಾನೇ, ಅದನ್ನ ಕೊಡೋಕೆ ಒಬ್ಬ ಇನ್‌ಸ್ಪೆಕ್ಟರ್ ಬೇಕು.

ಆರ್ವೆಲ್‌ಗೂ ಹಾಗೇ ಆಯ್ತು. ಪುಸ್ತಕ ಬಂದಿದ್ದು 1949ರ ಜೂನ್‌ನಲ್ಲಿ, ಆಗ ಬ್ರಿಟನ್ನಲ್ಲಿ ಲೇಬರ್ ಪಕ್ಷದ ಸರ್ಕಾರ, ಇದು ಲೇಬರ್ ಪಕ್ಷದ ವಿರುದ್ಧ, ಸಮಾಜವಾದದ ವಿರುದ್ಧ ಬರೆದಿದ್ದು ಅಂತ ಕೆಲವರು ಓದಿದ್ರು. ಅಲ್ಲ, ನಾನೇ ಆ ಪಕ್ಷದ ಬೆಂಬಲಿಗ ಅಂತ ಕ್ಷಯ ಹಿಡಿದು ಮಲಗಿದ್ದವನು ಸ್ಪಷ್ಟನೆ ಬರೆದು ಕಳಿಸ್ಬೇಕಾಯ್ತು. ಯಜಮಾನನ್ನ ಓಡಿಸಿದ ಪ್ರಾಣಿಗಳ ಮೇಲೆ ಹಂದಿಗಳೇ ಯಜಮಾನರಾಗೋ ಅವನ 'ಅನಿಮಲ್ ಫಾರ್ಮ್'ದು ಇನ್ನೂ ದೊಡ್ಡ ಕಥೆ. ಅದನ್ನ ಕಾರ್ಟೂನ್ ಸಿನಿಮಾ ಮಾಡಿದ್ರು, 1954ರಲ್ಲಿ ಬಂತು, ಹಿಂದಿನಿಂದ ಗುಟ್ಟಾಗಿ ದುಡ್ಡು ಕೊಟ್ಟಿದ್ದು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ. ಕೊನೆಯನ್ನೇ ಬದಲಾಯಿಸಿಬಿಟ್ರು. ಪುಸ್ತಕದಲ್ಲಿ ಪ್ರಾಣಿಗಳು ಕಿಟಕಿ ಹೊರಗೆ ನಿಂತು ನೋಡ್ತಾವೆ, ಹಂದಿ ಯಾವುದು ಮನುಷ್ಯ ಯಾರು ಅಂತ ಗೊತ್ತಾಗಲ್ಲ. ಸಿನಿಮಾದ ಕೊನೇಲಿ ಮನುಷ್ಯರೇ ಕಾಣಲ್ಲ, ಪ್ರಾಣಿಗಳು ಹಂದಿಗಳ ಮೇಲೆ ದಂಗೆ ಏಳ್ತಾವೆ. ಅಧಿಕಾರ ಅನ್ನೋದನ್ನೇ ಅನುಮಾನಿಸೋಕೆ ಕಲಿಸಿದ ಕಥೇನ ಒಂದು ಸರ್ಕಾರ ತನಗೆ ಬೇಕಾದ ಹಾಗೆ ಹೊಲಿಸ್ಕೊಂಡಿತು. ನಂಗೆ ಇದು ಗೊತ್ತಾದಾಗ ತುಂಬಾ ಸಿಟ್ಟು ಬಂತು, ಈಗಲೂ ಇದೆ.

ಸರಿ, ಈಗ ಕೊರೀತಾ ಇರೋ ವಿಷಯಕ್ಕೆ ಬರ್ತೀನಿ.

ಅಕ್ಕನ ಮಗಳು 'ನೈನ್ಟೀನ್ ಎಯ್ಟಿ-ಫೋರ್' ಓದಿ ಮುಗಿಸಿದ್ಲು. ನಂಗೋ ಖುಷಿ, ಏನನ್ನಿಸ್ತು ಹೇಳು ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ಮಾವ, ಏನ್ ಮಾಡಿದ್ರೂ ಕೊನೆಗೆ ಅವರೇ ಗೆಲ್ಲೋದು, ಸುಮ್ನಿರೋದೇ ವಾಸಿ ಅನ್ನಿಸ್ತು" ಅಂದ್ಲು. ಅವಳು ಬೇಜಾರಲ್ಲಿ ಹೇಳ್ಲಿಲ್ಲ, ಲೆಕ್ಕ ಬಿಡಿಸಿ ಉತ್ತರ ಹೇಳಿದ ಹಾಗೆ ಹೇಳಿದ್ಲು. ನಂಗೆ ಮೈ ಜುಮ್ಮೆಂತು, ಯಾಕಂದ್ರೆ ಅದು ನನ್ನ ಮಾತು. ನಾನೂ ಅದನ್ನೇ ಕಲ್ತಿದ್ದೆ, ಅಲ್ವಾ? ವಿನ್ಸ್ಟನ್ ಡೈರಿ ಬರೀತಾನೆ, ಪ್ರೀತಿ ಮಾಡ್ತಾನೆ, ಸಿಕ್ಕಿಬೀಳ್ತಾನೆ, ಇಲಿ ತೋರಿಸಿ ಹೆದರಿಸಿದಾಗ ತಾನು ಪ್ರೀತಿಸಿದ ಜೂಲಿಯಾನೇ ಒಪ್ಪಿಸ್ಬಿಡ್ತಾನೆ, ಕೊನೇಲಿ ಆ ಆಡಳಿತದ ನಾಯಕ ದೊಡ್ಡಣ್ಣನ್ನ (ಬಿಗ್ ಬ್ರದರ್) ಪ್ರೀತಿಸ್ತಾನೆ. ಕಣ್ಣು ತೆರೆಸಿದ ಪುಸ್ತಕವೇ ಕೈಯನ್ನೂ ಕಟ್ಟಿಹಾಕ್ತು.

ಆದ್ರೆ ಇದೇ ಪುಸ್ತಕಾನ ನಿಜವಾಗ್ಲೂ ಅಂಥಾ ಆಡಳಿತದ ಕೆಳಗೆ ಇದ್ದವರು ಬೇರೆ ಥರಾನೇ ಓದಿದ್ರು. ಪೋಲೆಂಡಿನ ಕವಿ ಚೆಸ್ವಾಫ್ ಮಿಲೋಶ್, ಕಮ್ಯುನಿಸ್ಟ್ ಸರ್ಕಾರದಲ್ಲಿ ರಾಜತಾಂತ್ರಿಕ ಆಗಿದ್ದು 1951ರಲ್ಲಿ ಪ್ಯಾರಿಸ್‌ನಲ್ಲಿ ಅದನ್ನ ಬಿಟ್ಟು ಬಂದವನು, 1953ರ ತನ್ನ ಪುಸ್ತಕದಲ್ಲಿ ಇದರ ಬಗ್ಗೆ ಬರ್ದಿದಾನೆ. ಅಲ್ಲಿ ಕೆಲವರು ಗುಟ್ಟಾಗಿ ಆರ್ವೆಲ್‌ನ ಓದ್ತಿದ್ರಂತೆ, ರಷ್ಯಾದಲ್ಲಿ ಒಂದಿನವೂ ಬದುಕದ ಮನುಷ್ಯನಿಗೆ ನಮ್ಮ ಒಳಗಿನ ಸ್ಥಿತಿ ಇಷ್ಟು ಚೆನ್ನಾಗಿ ಹೇಗೆ ಗೊತ್ತಾಯ್ತು ಅಂತ ಬೆರಗಾಗ್ತಿದ್ರಂತೆ. ನೋಡು, ಅವರಿಗೆ ಆ ಪುಸ್ತಕದಲ್ಲಿ ಸಿಕ್ಕಿದ್ದು ಸೋಲಲ್ಲ, ಜೊತೆ. ನಮ್ಮ ತಲೆ ಕೆಟ್ಟಿಲ್ಲ, ಹೊರಗೆ ಯಾರಿಗೋ ಇದು ಅರ್ಥ ಆಗಿದೆ ಅನ್ನೋ ಧೈರ್ಯ. 'ಅನಿಮಲ್ ಫಾರ್ಮ್' 1947ರಲ್ಲಿ ಉಕ್ರೇನಿಯನ್ ಭಾಷೆಗೆ ಬಂತು, ಓದಿದ್ದು ಯಾರು ಅಂದ್ರೆ ಜರ್ಮನೀಲಿ ನಿರಾಶ್ರಿತರ ಶಿಬಿರಗಳಲ್ಲಿ ಇದ್ದವರು, ಊರು ಕಳ್ಕೊಂಡವರು, ವಾಪಸ್ ಹೋದ್ರೆ ಏನು ಕಾದಿದೆ ಅಂತ ಗೊತ್ತಿದ್ದವರು. ಆರ್ವೆಲ್ ದುಡ್ಡು ತಗೊಳ್ಳದೆ ಅದಕ್ಕೊಂದು ಮುನ್ನುಡಿ ಬರ್ಕೊಟ್ಟ. ಒಂದಷ್ಟು ಪ್ರತಿಗಳನ್ನ ಅಮೆರಿಕದ ಸೇನೆಯವರು ಹಿಡ್ದು ಸೋವಿಯತ್ ಅಧಿಕಾರಿಗಳ ಕೈಗೇ ಕೊಟ್ರು, ಉಳಿದದ್ದು ಶಿಬಿರದಲ್ಲಿ ಹಂಚಿಹೋಯ್ತು. ಮುಂದೆ 2014ರಲ್ಲಿ ಥಾಯ್ಲೆಂಡಲ್ಲಿ ಸೇನೆ ಅಧಿಕಾರ ಹಿಡ್ದಾಗ ಬ್ಯಾಂಕಾಕಿನ ಜನ ಸಾರ್ವಜನಿಕ ಜಾಗದಲ್ಲಿ ನಿಂತು 'ನೈನ್ಟೀನ್ ಎಯ್ಟಿ-ಫೋರ್' ಓದೋದನ್ನೇ ಪ್ರತಿಭಟನೆ ಮಾಡ್ಕೊಂಡ್ರು, ಘೋಷಣೆ ಇಲ್ಲ, ಬಾವುಟ ಇಲ್ಲ.

ನಿಜವಾಗ್ಲೂ ಕಷ್ಟದಲ್ಲಿದ್ದವರಿಗೆ ಧೈರ್ಯ ಕೊಟ್ಟ ಪುಸ್ತಕ, ಆರಾಮಾಗಿ ಕುರ್ಚೀಲಿ ಕೂತಿದ್ದ ನಮ್ಗೆ ಯಾಕೆ ಹೆದರಿಕೆ ಮಾತ್ರ ಕೊಡ್ತು? ಅವರು ಅದನ್ನ ಕೈಯಿಂದ ಕೈಗೆ ದಾಟಿಸಿ ಓದಿದ್ರು. ಕೊಟ್ಟವನು ಯಾರು ಅಂತ ಗೊತ್ತಿತ್ತು, ಮುಂದೆ ಯಾರಿಗೆ ಕೊಡ್ಬೇಕು ಅಂತ ಗೊತ್ತಿತ್ತು, ಆ ಸರಪಳೀನೇ ಒಂದು ಸಣ್ಣ ಸ್ವತಂತ್ರ ದೇಶ. ನಾವು ಒಬ್ಬೊಬ್ರೇ ಓದಿ, ಒಬ್ಬೊಬ್ರೇ ಹೆದರ್ಕೊಂಡು, ಪುಸ್ತಕ ಮುಚ್ಚಿಟ್ವಿ.

ಅಕ್ಕನ ಮಗಳಿಗೆ ಏನಾದ್ರೂ ಹೇಳ್ಬೇಕಲ್ಲ ಅಂತ ಮತ್ತೆ ತೆಗ್ದೆ. ಕೊನೇಲಿ ಆ ಆಡಳಿತ ಕಟ್ಟಿದ 'ನ್ಯೂಸ್ಪೀಕ್' ಭಾಷೆಯ ಬಗ್ಗೆ ಒಂದು ಅನುಬಂಧ ಇದೆ ನೆನಪಿದೆಯಾ, ವ್ಯಾಕರಣ ಅಂತ ನಾವು ಹಾರಿಸಿದ್ದು? ಅದನ್ನ ಈ ಸಲ ಕೂತು ಓದಿದೆ. ಪೂರ್ತಿ ಭೂತಕಾಲದಲ್ಲಿದೆ ಕಣೋ! ಆ ಭಾಷೆ ಹೀಗಿತ್ತು, ಹಾಗೆ ಮಾಡ್ಬೇಕು ಅಂತಿದ್ರು, ಅಂತ ಯಾರೋ ಸಮಾಧಾನವಾಗಿ, ನಮ್ಮ ನಿಮ್ಮ ಮಾಮೂಲಿ ಭಾಷೇಲಿ ಬರೀತಾ ಇದಾರೆ. ಅಂದ್ರೆ ಆ ಆಡಳಿತ ಮುಗಿದುಹೋಗಿದೆ, ಅದರ ಬಗ್ಗೆ ಪ್ರಬಂಧ ಬರೆಯೋಷ್ಟು ಬಿಡುವು ಜನಕ್ಕೆ ಸಿಕ್ಕಿದೆ. ಹೀಗೆ ಓದ್ಬಹುದು ಅಂತ ಕೆನಡಾದ ಲೇಖಕಿ ಮಾರ್ಗರೆಟ್ ಅಟ್ವುಡ್ ಕೂಡ ಹೇಳಿದಾರೆ, ಅವರ ಕಾದಂಬರಿ 'ದಿ ಹ್ಯಾಂಡ್‌ಮೇಡ್ಸ್ ಟೇಲ್' ಮುಗಿಯೋದೂ ಹಾಗೇ, 2195ರಲ್ಲಿ ಒಂದು ವಿಚಾರ ಸಂಕಿರಣ, ಆ ಕ್ರೂರ ದೇಶ ಆಗಲೇ ಇತಿಹಾಸ. ಇನ್ನೊಂದು ವಿಷಯ, ಅಮೆರಿಕದ ಒಂದು ದೊಡ್ಡ ಬುಕ್ ಕ್ಲಬ್ ಈ ಅನುಬಂಧಾನೂ ಕಾದಂಬರಿ ಒಳಗೇ ಬರೋ ಗೋಲ್ಡ್‌ಸ್ಟೀನ್ ಅನ್ನೋ ಪಾತ್ರದ ಪುಸ್ತಕದ ಭಾಗಾನೂ ತೆಗೆದ್ರೆ ತಗೊಳ್ತೀವಿ ಅಂದಿತ್ತು. ಒಳ್ಳೇ ದುಡ್ಡು ಬರೋದಿತ್ತು. ಆರ್ವೆಲ್ ಒಪ್ಪಲಿಲ್ಲ, ಕೊನೆಗೆ ಅವರೇ ಇದ್ದ ಹಾಗೆ ತಗೊಂಡ್ರು. ಸಾಯೋ ಮುಂಚೆ ಅಷ್ಟು ಹಟ ಹಿಡ್ದು ಉಳಿಸಿದ ಪುಟಗಳನ್ನ ನಾವು ತಿರುಗಿಸಿಯೂ ನೋಡ್ಲಿಲ್ಲ. ಸಿಐಎ ದುಡ್ಡಲ್ಲಿ ಬಂದ ದಂಗೆಗಿಂತ ಈ ಒಣ ಪ್ರಬಂಧದಲ್ಲಿರೋ ಭರವಸೆ ನಂಗೆ ದೊಡ್ಡದು, ಯಾಕಂದ್ರೆ ಇಲ್ಲಿ ಯಾರೂ ಕೂಗ್ತಿಲ್ಲ.

ಇದನ್ನೆಲ್ಲಾ ಓದಿ ಖುಷಿಯಾಗಿ ನಿಂಗೆ ಬರೆಯೋಕೆ ಕೂತೆ. ಬರೀತಾ ಬರೀತಾ ಒಂದು ವಿಷಯ ಹೊಳೀತು, ಇದನ್ನ ಹೇಳ್ಬೇಕು ಅಂತಿರ್ಲಿಲ್ಲ. ನಾನು ಬರೆದಿದ್ದನ್ನ ಅಳಿಸ್ತೀನಿ ಕಣೋ. ಎಷ್ಟೋ ದಿನದಿಂದ. ಯಾರೂ ಅಳಿಸು ಅಂದಿಲ್ಲ, ಯಾರೂ ಹೆದರ್ಸಿಲ್ಲ, ನನ್ನ ಹೆಸರು ಯಾವ ಫೈಲಲ್ಲೂ ಇರೋಕೆ ಕಾರಣಾನೇ ಇಲ್ಲ. ಆದ್ರೂ ಒಂದು ಕಾನೂನಿನ ಬಗ್ಗೆ, ಒಬ್ಬ ನಾಯಕನ ಮಾತಿನ ಬಗ್ಗೆ ಟೈಪ್ ಮಾಡಿ, ಒಂದ್ಸಲ ಓದಿ, ಬೇಡ ಅಂತ ಅಳಿಸ್ತೀನಿ. ನಿಂಗೆ ಕಳಿಸ್ಬೇಕಾಗಿದ್ದ ಮೆಸೇಜ್‌ಗಳನ್ನೂ. ಆ ಚುನಾವಣೆ ಆದ ರಾತ್ರಿ ನಿಂಗೊಂದು ಉದ್ದದ್ದು ಬರೆದಿದ್ದೆ, ನಂಗೆ ನಿಜವಾಗ್ಲೂ ಏನು ನೋವಾಯ್ತು ಅಂತ, ನಿನ್ನ ಅಭಿಪ್ರಾಯ ಬೇರೆ ಇರಬಹುದು ಅಂತ ಹೆದರಿ ಅಳಿಸಿ "ಹೇಗಿದೀಯೋ" ಅಂತ ಕಳಿಸಿದೆ. ನೀನು "ಫೈನ್" ಅಂದೆ. ನೀನೂ ಏನೋ ಅಳಿಸಿರಬಹುದು ಅಂತ ಈಗ ಅನ್ನಿಸ್ತಿದೆ.

ಬ್ರಾಡ್‌ಬರಿಯ 'ಫ್ಯಾರನ್‌ಹೀಟ್ 451'ನಲ್ಲಿ ಪುಸ್ತಕ ಸುಡೋ ದಳದ ಕ್ಯಾಪ್ಟನ್ ಒಂದು ಮಾತು ಬಿಡಿಸಿ ಹೇಳ್ತಾನೆ, ಇದು ಮೇಲಿಂದ ಸರ್ಕಾರ ಹೇರಿದ್ದಲ್ಲ, ಜನ ಮೊದಲು ತಾವೇ ಓದೋದು ಬಿಟ್ರು, ಯಾರಿಗೂ ಬೇಜಾರಾಗ್ಬಾರ್ದು ಅಂತ ಒಂದೊಂದೇ ತೆಗೀತಾ ಹೋದ್ರು, ಸುಡೋರು ಬಂದಿದ್ದು ಆಮೇಲೆ. 1953ರ ಪುಸ್ತಕ ಅದು. ಆ ಪುಟ ದಾಟೋಕೆ ನಂಗೆ ಆಗ್ಲಿಲ್ಲ. ಇಷ್ಟು ವರ್ಷ ನಾನು ಹೊರಗಿನ ಕ್ಯಾಮೆರಾ ಹುಡುಕ್ತಾ ಇದ್ದೆ, ಆ ಹೆದರಿಕೆ ನಮ್ಮಿಬ್ಬರ ಮಧ್ಯೆ ಬಂದು ಕೂತಿರೋದು ಕಾಣಲೇ ಇಲ್ಲ. ವಿನ್ಸ್ಟನ್ ಹತ್ರ ಕಿತ್ಕೊಂಡಿದ್ದೂ ಅದನ್ನೇ ಅಲ್ವಾ, ಅವನ ಅಭಿಪ್ರಾಯ ಅಲ್ಲ, ಇನ್ನೊಬ್ಬರ ಮೇಲಿನ ನಂಬಿಕೆ. ಅದಕ್ಕೇ ಇದನ್ನ ಎಲ್ಲರ ಮುಂದೆ ಬರೀತಾ ಇರೋದು. ಒಬ್ಬನಿಗೇ ಬರೆದಿದ್ರೆ ಅಳಿಸ್ತಿದ್ದೆ, ನಂಗೊತ್ತು.

ಅಯ್ಯೋ, ಎಲ್ಲಿಂದ ಎಲ್ಲಿಗೋ ಹೋಯ್ತು ಮಾರಾಯ. ಅತ್ತಿಗೆ ಇದನ್ನ ಓದಿದ್ರೆ ನಗ್ತಾರೆ, ನಗ್ಲಿ ಬಿಡು, ಅವರು ನಕ್ಕರೇನೇ ಚೆಂದ.

ಒಂದು ಪ್ಲಾನ್ ಇದೆ, ಇಲ್ಲ ಅನ್ಬೇಡ. ರಷ್ಯಾದ ಜಮ್ಯಾತಿನ್ ಬರೆದ 'ವಿ' (ಅಂದ್ರೆ 'ನಾವು') ಅಂತ ಕಾದಂಬರಿ ಇದೆಯಲ್ಲ, 1920-21ರಲ್ಲಿ ಬರೆದಿದ್ದು, ಅವನ ದೇಶದಲ್ಲೇ ಅಚ್ಚಾಗೋಕೆ 1988ರವರೆಗೆ ಕಾಯ್ಬೇಕಾಯ್ತು. ಆರ್ವೆಲ್ ತನ್ನ ಕಾದಂಬರಿ ಮುಗಿಸೋಕೆ ಮುಂಚೆ ಅದನ್ನ ಓದಿ ವಿಮರ್ಶೆಯೂ ಬರೆದಿದ್ದ. ಅದನ್ನ ನಾವು ಮೂರು ಜನ ಒಟ್ಟಿಗೆ ಓದೋಣ, ನೀನು, ನಾನು, ಅಕ್ಕನ ಮಗಳು. ಅವಳು ನಮಗಿಂತ ಬೇಗ ಓದ್ತಾಳೆ, ಈಗಲೇ ಹೇಳಿರ್ತೀನಿ. ಮೊದಲನೇ ಅಧ್ಯಾಯ ಪುಟಾಣಿ, ಟೈಮಿಲ್ಲ ಅನ್ನೋ ಹಾಗಿಲ್ಲ. ಭಾನುವಾರ ಸಂಜೆ ಫೋನ್ ಮಾಡ್ತೀನಿ, ಆ ಚುನಾವಣೆ ರಾತ್ರಿಯ ಮೆಸೇಜಿನಲ್ಲಿ ಏನಿತ್ತು ಅಂತ ಮೊದಲು ಹೇಳ್ತೀನಿ, ನಿಂದೇನಿತ್ತು ಅಂತ ನೀನು ಹೇಳು, ಜಗಳ ಆದ್ರೆ ಆಗ್ಲಿ. ಆಮೇಲೆ ಪುಸ್ತಕ.

ನಿನ್ನ,
ಪಕ್ಕದ ಬೆಂಚಿನವನು