ಶಾಸಕರೇ, ನಮ್ಮ ಶಾಲೆಯ ಎಸ್‌ಡಿಎಂಸಿಗೆ ನಿಮ್ಮ ಕಡೆಯ ಪಟ್ಟಿ ಬೇಡ

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ನಿಮ್ಮ ಕ್ಷೇತ್ರದ ಮತದಾರಳು. ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಒಂದು ಸಣ್ಣ ಊರು ನಮ್ಮದು. ಮಗಳು ಐದನೇ ಕ್ಲಾಸು, ಮಗ ಎರಡನೇ ಕ್ಲಾಸು, ಇಬ್ಬರೂ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೇ ಹೋಗುತ್ತಾರೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಹೆಡ್ ಮೇಷ್ಟ್ರಿಗೆ ತೊಂದರೆ ಆಗುತ್ತದೆ, ಅವರು ಪಾಪ ಒಳ್ಳೆಯವರು.

ಇನ್ನೊಂದು ತಿಂಗಳಿಗೆ ನಮ್ಮ ಎಸ್‌ಡಿಎಂಸಿಯ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಮೂರು ವರ್ಷ ಮುಗಿಯುತ್ತದೆ. ಹೊಸ ಸಮಿತಿ ಪೋಷಕರ ಸಭೆಯಲ್ಲಿ ಆಯ್ಕೆ ಆಗಬೇಕು. ಸಭೆ ಯಾವತ್ತು ಅಂತ ಇನ್ನೂ ನೋಟಿಸ್ ಬಂದಿಲ್ಲ, ಆದರೆ ಅಧ್ಯಕ್ಷರು ಯಾರು ಅನ್ನುವುದು ಹಾಲಿನ ಡೈರಿ ಹತ್ತಿರ ಎಲ್ಲರಿಗೂ ಗೊತ್ತಾಗಿಬಿಟ್ಟಿದೆ. "ಸಾಹೇಬ್ರ ಕಡೆಯಿಂದ ಪಟ್ಟಿ ಬಂದಿದೆಯಂತೆ" ಅನ್ನುತ್ತಾರೆ. ಸಾಹೇಬ್ರು ಅಂದರೆ ನೀವು. ಆ ಪಟ್ಟಿ ನೀವೇ ಕೊಟ್ಟದ್ದೋ, ನಿಮ್ಮ ಹೆಸರು ಹೇಳಿಕೊಂಡು ಬೇರೆ ಯಾರೋ ಮಾಡಿದ್ದೋ ನನಗೆ ಗೊತ್ತಿಲ್ಲ. ಅದಕ್ಕೇ ನೇರವಾಗಿ ನಿಮಗೇ ಬರೆಯುತ್ತಿದ್ದೇನೆ.

ಕಳೆದ ಸಲ ಹೇಗಾಯಿತು ಹೇಳುತ್ತೇನೆ, ಕೇಳಿ. ಡಿಸೆಂಬರ್ ತಿಂಗಳು, ಅಡಿಕೆ ಕೊಯ್ಲು ಜೋರಾಗಿದ್ದ ಸಮಯ. ಸಭೆ ಇಟ್ಟದ್ದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ. ಕೂಲಿಗೆ ಹೋಗುವವರು ಆ ಹೊತ್ತಿಗೆ ಹೇಗೆ ಬರುತ್ತಾರೆ? ಒಂದು ದಿನದ ಕೂಲಿ ಬಿಟ್ಟು ಬರಬೇಕು. ಬಂದವರು ಹದಿನೈದಿಪ್ಪತ್ತು ಜನ ಇರಬಹುದು. ಒಬ್ಬರು ಎದ್ದು ನಿಂತು, ಅಂಗಿ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಹಾಳೆ ತೆಗೆದು, ಹದಿನೆಂಟು ಹೆಸರು ಓದಿದರು. ಹಾಗೆ ಓದಿದವರ ಮನೆಯ ಯಾವ ಮಗುವೂ ನಮ್ಮ ಶಾಲೆಯಲ್ಲಿ ಇರಲಿಲ್ಲ. ಓದಿ ಮುಗಿಸಿ "ಯಾರದ್ದೂ ಆಕ್ಷೇಪ ಇಲ್ಲ ಅಲ್ವಾ" ಅಂದರು, ಹಿಂದಿನಿಂದ ಚಪ್ಪಾಳೆ ಬಿತ್ತು, ಖಾರ ಮಂಡಕ್ಕಿ, ಟೀ ಬಂತು. ಆ ಹದಿನೆಂಟರಲ್ಲಿ ನನ್ನ ಹೆಸರೂ ಇತ್ತು. ನನ್ನನ್ನು ಯಾರೂ ಕೇಳಿರಲಿಲ್ಲ. ಹಿಂದಿನ ದಿನ ನಮ್ಮ ಮನೆಯವರನ್ನು ಕೇಳಿದ್ದರಂತೆ.

ಹೆಂಗಸರನ್ನು ಹಾಕಲೇಬೇಕು, ಅದಕ್ಕೆ ನಾನು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್‌ನಲ್ಲಿ ಇದೆ, ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಮಕ್ಕಳ ತಂದೆ ತಾಯಿಯರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು ಇರಬೇಕು. ನಮ್ಮ ಸಮಿತಿಯಲ್ಲೂ ಒಂಬತ್ತು ಹೆಂಗಸರ ಹೆಸರಿತ್ತು. ಮೀಟಿಂಗ್‌ಗೆ ಬರುತ್ತಿದ್ದದ್ದು ಜಾಸ್ತಿ ಅವರ ಗಂಡಂದಿರು. ನಮ್ಮ ಪಾಲಿಗೆ ಬರುತ್ತಿದ್ದದ್ದು ಮೀಟಿಂಗ್‌ನ ತೀರ್ಮಾನ ಬರೆಯುವ ನಡಾವಳಿ ಪುಸ್ತಕ, ಸಹಿಗೆ.

ಹೋದ ವರ್ಷದ ಸುಗ್ಗಿಯಲ್ಲಿ ಒಂದು ರಾತ್ರಿ ಎಂಟು ಗಂಟೆ ಇರಬೇಕು, ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದೆ. ಒಬ್ಬ ಹುಡುಗ ಬೈಕಿನಲ್ಲಿ ಆ ಪುಸ್ತಕ ತಂದ. "ಅಕ್ಕಾ, ಇಲ್ಲೊಂದು ಸಹಿ" ಅಂದ. ಮೇಲೆ ತಾರೀಖು ಇತ್ತು, ಕೆಳಗೆ ಸಾಲಾಗಿ ಹೆಸರು, ಮಧ್ಯ ಅರ್ಧ ಪುಟ ಖಾಲಿ. ಏನು ಬರೆಯುತ್ತೀರಿ ಅಂತ ಕೇಳಿದೆ. "ಆಮೇಲೆ ಬರೀತಾರೆ" ಅಂದ. ಕೈ ಒರೆಸಿಕೊಂಡು ಸಹಿ ಹಾಕಿದೆ. ಆ ಪುಟದ ಮೇಲೆ ನನ್ನ ಬೆರಳಿನ ಅಡಿಕೆ ಕಲೆ ಈಗಲೂ ಇದೆ. ಹಾಕಬಾರದಿತ್ತು, ಅದು ನನ್ನ ತಪ್ಪು, ಒಪ್ಪುತ್ತೇನೆ. ಖಾಲಿ ಜಾಗದಲ್ಲಿ ಆಮೇಲೆ ಬರೆದದ್ದು ಗೇಟಿಗೆ ಬಣ್ಣ, ಗೇಟಿನ ಮೇಲೆ ಹೊಸ ಬೋರ್ಡು. ನಾವು ನಾಲ್ಕು ಜನ ತಾಯಂದಿರು ಮೂರು ಸಲ ಬಾಯಿಬಿಟ್ಟು ಕೇಳಿದ್ದು ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ಪೈಪು. ಟ್ಯಾಂಕ್ ಇರುವುದು ಅಡುಗೆ ಕೋಣೆ ಹಿಂದೆ, ಅಲ್ಲಿಂದ ಶೌಚಾಲಯಕ್ಕೆ ಇಪ್ಪತ್ತು ಹೆಜ್ಜೆ ಇಲ್ಲ. ನನ್ನ ಮಗಳು ಬೆಳಿಗ್ಗೆ ಮನೆ ಬಿಟ್ಟರೆ ಸಂಜೆ ಮನೆಗೆ ಬಂದ ಮೇಲೇ ಬಚ್ಚಲಿಗೆ ಓಡುವುದು, ಬ್ಯಾಗು ಜಗಲಿ ಮೇಲೆ ಎಸೆದು. ಶಾಲೆಯಲ್ಲಿ ನೀರು ಕುಡಿದರೆ ಹೋಗಬೇಕಾಗುತ್ತದೆ ಅಂತ ಬಾಟಲಿ ನೀರನ್ನೂ ಹಾಗೇ ವಾಪಸ್ ತರುತ್ತಾಳೆ.

ಈ ಸಮಿತಿಗೆ ಯಾಕೆ ಇಷ್ಟು ಜಗ್ಗಾಟ ಅನ್ನುವುದು ನನಗೆ ಮೊದಲು ಅರ್ಥ ಆಗಿರಲಿಲ್ಲ, ಸಂಬಳ ಇಲ್ಲ, ಭತ್ಯೆ ಇಲ್ಲ. ಈಗ ಅರ್ಥ ಆಗಿದೆ. ಶಾಲೆಗೆ ಬರುವ ಅನುದಾನಕ್ಕೆ ಹೆಡ್ ಮೇಷ್ಟ್ರ ಜೊತೆ ಅಧ್ಯಕ್ಷರ ಸಹಿಯೂ ಬೇಕು. ಅದು ಒಂದು. ಇನ್ನೊಂದು ಪಂಚಾಯ್ತಿ. ಎಸ್‌ಡಿಎಂಸಿ ಅಧ್ಯಕ್ಷ ಅಂತ ಎರಡು ವರ್ಷ ಬ್ಯಾನರ್‌ನಲ್ಲಿ ಫೋಟೊ ಬಂದರೆ ಮುಂದೆ ವಾರ್ಡಿಗೆ ನಿಲ್ಲಬಹುದು. ಗ್ರಾಮ ಪಂಚಾಯ್ತಿ ಚುನಾವಣೆಗೇ ನಮ್ಮ ರಾಜ್ಯದಲ್ಲಿ ಪಕ್ಷದ ಚಿಹ್ನೆ ಇಲ್ಲ. ಹಾಗಿರುವಾಗ ಒಂದರಿಂದ ಏಳನೇ ಕ್ಲಾಸಿನ ಮಕ್ಕಳ ಶಾಲೆಗೆ ಪಕ್ಷ ಯಾಕೆ ಬರಬೇಕು?

ನಿಮ್ಮ ಪಕ್ಷ ಒಂದೇ ಅಲ್ಲ. ನಿಮ್ಮ ಎದುರಾಳಿಗಳು ಗೆದ್ದಿದ್ದಾಗಲೂ ಪಟ್ಟಿ ಬರುತ್ತಿತ್ತು, ಜೇಬು ಬೇರೆ ಅಷ್ಟೇ. ಹೋದ ಆಗಸ್ಟ್ 15ಕ್ಕೆ ಎರಡೂ ಕಡೆಯವರು ಶಾಲೆಯ ಅಂಗಳದಲ್ಲಿ ಜಗಳಕ್ಕೆ ನಿಂತರು. ಬ್ಯಾನರ್‌ನಲ್ಲಿ ಯಾರ ಫೋಟೊ ಇದೆ, ಯಾರದ್ದು ಇಲ್ಲ ಅಂತ. ಜಿಟಿಜಿಟಿ ಮಳೆ ಬರುತ್ತಿತ್ತು. ಮಕ್ಕಳು ಬಿಳಿ ಬಟ್ಟೆ ಹಾಕಿಕೊಂಡು ಸಾಲಿನಲ್ಲಿ ನಿಂತೇ ಇದ್ದರು. ನನ್ನ ಮಗನ ಕೈಯಲ್ಲಿದ್ದ ಕಾಗದದ ಬಾವುಟ ಒದ್ದೆಯಾಗಿ, ಕೇಸರಿ ಬಣ್ಣ ಇಳಿದು ಅಂಗಿ ತೋಳಿಗೆ ಅಂಟಿತು. ಒಂದು ಟೀಚರ್ ಬಂದು ಮಕ್ಕಳನ್ನು ಜಗಲಿಗೆ ಹತ್ತಿಸಿದರು. ಜಗಳ ನಿಲ್ಲಲಿಲ್ಲ.

ಶಾಸಕರೇ, ನಮ್ಮ ಊರಿನಲ್ಲಿ ಸ್ವಲ್ಪ ಅನುಕೂಲ ಇದ್ದವರ ಮಕ್ಕಳೆಲ್ಲ ಬೆಳಿಗ್ಗೆ ಹಳದಿ ವ್ಯಾನ್ ಹತ್ತಿ ಪೇಟೆಯ ಶಾಲೆಗೆ ಹೋಗುತ್ತಾರೆ. ಅದು ಅವರ ಇಷ್ಟ, ಅದರ ಬಗ್ಗೆ ನಾನು ಏನೂ ಹೇಳುವುದಿಲ್ಲ. ಸರ್ಕಾರಿ ಶಾಲೆಯಲ್ಲಿ ಉಳಿದವರು ತೋಟದ ಕೆಲಸದವರ ಮಕ್ಕಳು, ನಮ್ಮಂಥ ಅರ್ಧ ಎಕರೆಯವರ ಮಕ್ಕಳು. ಆದರೆ ಶಾಲೆಯ ಸಮಿತಿ ಯಾರದ್ದಿರಬೇಕು ಅಂತ ತೀರ್ಮಾನ ಮಾಡುವವರು ವ್ಯಾನ್ ಹತ್ತಿಸುವವರು. ಅವರ ತೋಟದಲ್ಲೇ ಕೆಲಸ ಮಾಡುವವರು ಅವರ ಎದುರು ಕೈ ಎತ್ತಿ "ನನ್ನ ಆಕ್ಷೇಪ ಇದೆ" ಅನ್ನುವುದು ಹೇಗೆ? 1951ರಲ್ಲಿ ಕಾಗೋಡಿನ ಗೇಣಿದಾರರು ಭೂಮಾಲೀಕರ ಎದುರು ಎದ್ದು ನಿಂತದ್ದು ಇದೇ ಜಿಲ್ಲೆಯಲ್ಲಿ. ನಿಮ್ಮ ಭಾಷಣಗಳಲ್ಲಿ ಆ ಹೆಸರು ಎಷ್ಟೋ ಸಲ ಕೇಳಿದ್ದೇನೆ. ಭೂಮಿಯ ವಿಷಯದಲ್ಲಿ ಅಷ್ಟು ದೊಡ್ಡ ಮಾತು ಆಡಿದ ಜಿಲ್ಲೆಯಲ್ಲಿ ತಮ್ಮ ಮಕ್ಕಳ ಶಾಲೆಯ ಸಭೆಯಲ್ಲಿ ಬಾಯಿಬಿಡಲು ಜನ ಹೆದರುತ್ತಾರೆ ಅಂದರೆ ನನಗೆ ನಿಜವಾಗಿಯೂ ಸಂಕಟ ಆಗುತ್ತದೆ.

ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮ ಕಡೆಯವರಿಗೆ ಒಂದು ಫೋನ್ ಮಾಡಿ. "ಶಾಲೆ ಸಮಿತಿಗೆ ನನ್ನ ಹೆಸರಿನಲ್ಲಿ ಯಾವ ಪಟ್ಟಿಯೂ ಇಲ್ಲ, ನೀವು ಆ ಸಭೆಗೆ ಹೋಗಬೇಡಿ" ಅಂತ ಹೇಳಿ. ಅಷ್ಟು ಹೇಳಿದರೆ ಅರ್ಧ ಕೆಲಸ ಆದ ಹಾಗೆ, ಎದುರು ಕಡೆಯವರಿಗೂ ಬರಲು ನೆಪ ಇರುವುದಿಲ್ಲ. ಆಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಅವರಿಗೆ ಒಂದು ಮಾತು ಹೇಳಿ, ಸಭೆ ಭಾನುವಾರ ಇಡಲಿ, ಒಂದು ವಾರ ಮೊದಲು ಪ್ರತಿ ಮನೆಗೂ ಚೀಟಿ ಹೋಗಲಿ, ನ್ಯಾಯಬೆಲೆ ಅಂಗಡಿ ಮುಂದೆಯೂ ಅಂಟಿಸಲಿ. ಪೈಪೋಟಿ ಬಂದರೆ ಕೈ ಎತ್ತಿಸುವುದು ಬೇಡ, ಚೀಟಿ ಬರೆದು ಡಬ್ಬಕ್ಕೆ ಹಾಕಲಿ. ಓದು ಬರಹ ಬಾರದವರಿಗೆ ಚಿತ್ರ ಇಟ್ಟರೆ ಆಯಿತು, ಕೊಡೆ, ಬುಟ್ಟಿ, ಲಾಟೀನು ಅಂತ. ಇದಕ್ಕೆ ಖರ್ಚೇ ಇಲ್ಲ. ಸದಸ್ಯೆ ಅಂತ ಹೆಸರಿದ್ದವಳೇ ಮೀಟಿಂಗ್‌ಗೆ ಬಂದು ಕೂರಬೇಕು, ಅವಳ ಬದಲು ಗಂಡ ಬಂದರೆ ವಾಪಸ್ ಕಳಿಸುವ ಧೈರ್ಯ ಹೆಡ್ ಮೇಷ್ಟ್ರಿಗೆ ಬರಬೇಕು. ಆ ಧೈರ್ಯ ನಿಮ್ಮಿಂದ ಬರುತ್ತದೆ, ವರ್ಗಾವಣೆ ಮಾಡಿಸುತ್ತೇವೆ ಅಂತ ಅವರನ್ನು ಹೆದರಿಸುವವರು ಹೇಳುವುದೂ ನಿಮ್ಮ ಹೆಸರನ್ನೇ.

ಈ ಸಲ ನಾನು ಅಧ್ಯಕ್ಷ ಸ್ಥಾನಕ್ಕೆ ನಿಲ್ಲುತ್ತೇನೆ. ಮನೆಯಲ್ಲಿ ಹೇಳಿದ್ದೇನೆ, ಮೊದಲು ಸುಮ್ನೆ ಇರು ಅಂದರು, ಈಗ ಏನೂ ಅನ್ನುತ್ತಿಲ್ಲ. ಸೋತರೆ ಸೋಲುತ್ತೇನೆ, ಆದರೆ ನಮ್ಮ ಶಾಲೆಯ ಅಪ್ಪ ಅಮ್ಮಂದಿರು ಚೀಟಿ ಹಾಕಿ ಸೋಲಿಸಬೇಕು. ಟ್ಯಾಂಕಿನಿಂದ ಶೌಚಾಲಯಕ್ಕೆ ಎಷ್ಟು ಪೈಪು, ಎಷ್ಟು ನಲ್ಲಿ ಬೇಕು ಅಂತ ಪ್ಲಂಬರ್ ಕರೆಸಿ ಅಳತೆ ಮಾಡಿಸಿ, ಒಂದು ಹಾಳೆಯಲ್ಲಿ ಬರೆಸಿ ಇಟ್ಟಿದ್ದೇನೆ. ಯಾರೇ ಅಧ್ಯಕ್ಷರಾದರೂ ಮೊದಲ ಮೀಟಿಂಗ್‌ನಲ್ಲಿ ಆ ಹಾಳೆ ಅವರ ಕೈಗೆ ಕೊಡುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ತಾಯಿ